ನಾಡಿಯ ಗೆರೆ ಜಾರಿದಾಗ

ಮನೆಯಲ್ಲಿ ಯಾರಿಗಾದರೂ ಮೈ ಕಾದರೆ ಹಿರಿಯರ ಕೈ ಮೊದಲು ಹೋಗುವುದು ಹಣೆಗೆ. ವೈದ್ಯರ ಕೈ ಹೋಗುವುದು ಮಣಿಕಟ್ಟಿಗೆ. ಹೆಬ್ಬೆರಳಿನ ಬುಡಕ್ಕೆ ತುಸು ಕೆಳಗೆ, ಚರ್ಮದ ಅಡಿಯಲ್ಲೇ, ಧಮನಿಯೊಂದು ಎಲುಬಿಗೆ ಒರಗಿಕೊಂಡು ಹರಿಯುತ್ತದೆ. ಹೃದಯವು ಒಮ್ಮೆ ಮಿಡಿದರೆ ಧಮನಿಯು ಒಮ್ಮೆ ಉಬ್ಬುತ್ತದೆ. ಮೂರು ಬೆರಳನ್ನು ಹಗುರವಾಗಿ ಒತ್ತಿ ಹಿಡಿದವರಿಗೆ ಆ ಉಬ್ಬು ತಿಳಿಯುತ್ತದೆ. ಈ ನಡಿಗೆಯನ್ನು ಓದುವ ವಿದ್ಯೆ ನಮ್ಮ ನಾಡಿನಲ್ಲಿ ಬಹು ಹಳೆಯದು. ವಾತ ಕೆರಳಿದಾಗ ನಾಡಿಯು ಜಿಗಣೆಯಂತೆ, ಹಾವಿನಂತೆ ಸರಿಯುವುದೆಂದೂ, ಪಿತ್ತ ಕೆರಳಿದಾಗ ಕಾಗೆಯಂತೆ, ಕಪ್ಪೆಯಂತೆ ನೆಗೆಯುವುದೆಂದೂ, ಕಫ ಕೆರಳಿದಾಗ ಹಂಸ ಪಾರಿವಾಳಗಳಂತೆ ಮೆಲ್ಲನೆ ನಡೆಯುವುದೆಂದೂ ಶಾರ್ಙ್ಗಧರ ಸಂಹಿತೆಯಲ್ಲಿ ಹೇಳಿದೆ.

ಇಂದು ಆ ಬೆರಳಿನ ಜಾಗದಲ್ಲಿ ಕುಳಿತಿರುವುದು ಅಕ್ಕಿಯ ಕಾಳಿನಷ್ಟು ದೊಡ್ಡದಲ್ಲದ ಒಂದು ಸಿಲಿಕಾನ್ ತುಣುಕು. ಧಮನಿಯ ಒತ್ತಡವನ್ನು ಅದು ವಿದ್ಯುತ್ತಿನ ಸಂಕೇತವಾಗಿ ಮಾರ್ಪಡಿಸುತ್ತದೆ. ಪರದೆಯ ಮೇಲೆ ಬೆಟ್ಟಗಳ ಸಾಲಿನಂತೆ ಗೆರೆಯೊಂದು ಮೂಡುತ್ತ ಹೋಗುತ್ತದೆ. ನೋಡಲು ಅಂದವಾದ ಗೆರೆ. ಆದರೆ ಅದಕ್ಕೊಂದು ಕೆಟ್ಟ ಚಾಳಿ ಉಂಟು. ರೋಗಿಯು ಅಲುಗದೆ ಮಲಗಿದ್ದಾನೆ, ಯಾರೂ ಏನನ್ನೂ ಮುಟ್ಟಿಲ್ಲ. ಆದರೂ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬೆಟ್ಟಗಳ ಸಾಲು ಇಡಿಯಾಗಿ ಕೆಳಕ್ಕೋ ಮೇಲಕ್ಕೋ ಸರಿದಿರುತ್ತದೆ. ತಂತ್ರಜ್ಞರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಕನ್ನಡದಲ್ಲಿ ಜಾರಿಕೆ ಎನ್ನಬಹುದು.

ಅಂಗಡಿಯ ತಕ್ಕಡಿಯಲ್ಲಿ ಏನೂ ಇಡದೆಯೇ ಒಂದು ತಟ್ಟೆ ಇಳಿದಿದ್ದರೆ ಕೊಳ್ಳುವವರಿಗೆ ನಷ್ಟವಾಗುವುದು ನಾಲ್ಕಾರು ಕಾಸು. ನಾಡಿಯ ತಕ್ಕಡಿ ಹಾಗೆ ಮಾಡಿದರೆ ನಷ್ಟ ಅಷ್ಟಕ್ಕೆ ನಿಲ್ಲುವುದಿಲ್ಲ. ಇಳಿದದ್ದು ರೋಗಿಯ ರಕ್ತದೊತ್ತಡವೇ ಆಗಿದ್ದರೆ ಕೂಡಲೇ ಔಷಧ ಕೊಡಬೇಕು. ಇಳಿದದ್ದು ಉಪಕರಣದ ಲೆಕ್ಕವಾಗಿದ್ದರೆ ಅದೇ ಔಷಧವು ಅಪಾಯವನ್ನು ತಂದೀತು. ಗೆರೆ ಒಂದೇ, ಅರ್ಥ ಎರಡು. ಯಾವುದು ನಿಜವೆಂದು ತಿಳಿಯುವುದು ಹೇಗೆ?

ಕಾಡಿಗೆಯ ಕಾಗದದಿಂದ ಸಿಲಿಕಾನಿಗೆ

ರಕ್ತಕ್ಕೆ ಒತ್ತಡವಿದೆ ಎಂಬುದನ್ನು ಅಳೆದು ತೋರಿಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು ಎಂಟು ಅಡಿಗೂ ಮಿಗಿಲಾಗಿ ಏರಿ ನಿಂತಿತೆಂದು ಅವರು 1733ರಲ್ಲಿ ಪ್ರಕಟಿಸಿದರು. ಆದರೆ ನಾಡಿ ನೋಡುವುದಕ್ಕಾಗಿ ಮನುಷ್ಯರ ಧಮನಿಯನ್ನು ಕೊಯ್ಯಲಾದೀತೆ? ಚರ್ಮದ ಹೊರಗಿನಿಂದಲೇ ಮಿಡಿತವನ್ನು ಬರೆಸಿಕೊಳ್ಳುವ ಉಪಾಯ ಬೇಕಾಗಿತ್ತು. ಜರ್ಮನಿಯ ಕಾರ್ಲ್ ಫೀರೋರ್ಟ್ 1850ರ ದಶಕದಲ್ಲಿ ತೂಕದ ಬಟ್ಟುಗಳನ್ನಿಟ್ಟ ಸನ್ನೆಕೋಲಿನಿಂದ ಇದನ್ನು ಸಾಧಿಸಿದರು. ಆದರೆ ಭಾರವಾದ ಆ ಸನ್ನೆಯು ನಾಡಿಯ ಸೂಕ್ಷ್ಮವಾದ ಏರಿಳಿತಗಳನ್ನು ನುಂಗಿಹಾಕುತ್ತಿತ್ತು. 1860ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ತೂಕವನ್ನು ಬಿಟ್ಟು ಸ್ಪ್ರಿಂಗನ್ನು ಹಿಡಿದರು. ಮಣಿಕಟ್ಟಿಗೆ ಕಟ್ಟಿದ ಸ್ಪ್ರಿಂಗು ಧಮನಿಯ ಮೇಲೆ ಕೂರುವುದು; ಹಗುರವಾದ ಸನ್ನೆಯೊಂದು ಅದರ ಚಲನೆಯನ್ನು ಹಿಗ್ಗಿಸಿ, ಗಡಿಯಾರದ ಯಂತ್ರದಿಂದ ಸರಿಯುತ್ತಿರುವ ಕಾಡಿಗೆ ಹಿಡಿಸಿದ ಕಾಗದದ ಮೇಲೆ ಗೀಚುವುದು. ನಾಡಿಯು ತನ್ನ ಚಿತ್ರವನ್ನು ತಾನೇ ಬರೆಯಿತು.

ಈ ಉಪಕರಣದ ಕೊರತೆಯನ್ನು ಕಂಡುಹಿಡಿದವನು ಭಾರತದ ರಕ್ತಸಂಬಂಧವುಳ್ಳ ಒಬ್ಬ ತರುಣ. ಪಾಟ್ನಾದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಭೋಜನಶಾಲೆಯನ್ನು ತೆರೆದು, ಮುಂದೆ ಬ್ರೈಟನ್ನಿನಲ್ಲಿ ಅಂಗಮರ್ದನದ ಸ್ನಾನಗೃಹ ನಡೆಸಿ ಹೆಸರಾದ ದೀನ್ ಮಹಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಆತ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಆತನಿಗೆ ಒಂದು ಸಂಗತಿ ಹೊಳೆಯಿತು. ಸ್ಪ್ರಿಂಗನ್ನು ಬಿಗಿಯಾಗಿ ಒತ್ತಿದರೆ ನಾಡಿಯ ಗೆರೆ ಒಂದು ಬಗೆ, ಸಡಿಲವಾಗಿ ಒತ್ತಿದರೆ ಇನ್ನೊಂದು ಬಗೆ. ಎಷ್ಟು ಒತ್ತಲಾಗಿದೆ ಎಂಬುದೇ ಗೊತ್ತಿಲ್ಲದಿದ್ದರೆ ಗೆರೆಗೆ ಬೆಲೆ ಏನು? 1872ರಲ್ಲಿ ಆತನು ಪ್ರಕಟಿಸಿದ ಸುಧಾರಣೆಯಲ್ಲಿ ಸ್ಪ್ರಿಂಗಿನ ಒತ್ತನ್ನು ಔನ್ಸುಗಳಲ್ಲಿ ಓದಿಕೊಳ್ಳುವ ಏರ್ಪಾಟಿತ್ತು.

ಆ ಸಣ್ಣ ತಿದ್ದುಪಡಿಯ ಫಲ ದೊಡ್ಡದು. ಮೂತ್ರಪಿಂಡದ ರೋಗದ ಲಕ್ಷಣವು ಮೂತ್ರದಲ್ಲಿ ತೋರುವ ಮೊದಲೇ ನಾಡಿಯ ಬಿಗುವು ಏರಿರಬಹುದೆಂದೂ, ಮೂತ್ರಪಿಂಡ ಕೆಡದವರಲ್ಲಿ ಕೂಡ ಅಂತಹ ಬಿಗುವು ಇರಬಹುದೆಂದೂ ಮಹಮದ್ ತೋರಿಸಿದನು. ಇಂದು ಮನೆಮನೆಯ ಮಾತಾಗಿರುವ ‘ಬಿ.ಪಿ.’ ಒಂದು ಸ್ವತಂತ್ರವಾದ ತೊಂದರೆ ಎಂಬ ತಿಳಿವಳಿಕೆಗೆ ತಳಹದಿ ಹಾಕಿದವರಲ್ಲಿ ಆತನೊಬ್ಬ. 1884ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ವಿಷಮಶೀತಜ್ವರವು ಆತನನ್ನು ಒಯ್ದಿತು.

ಸ್ಪ್ರಿಂಗಿನ ಸ್ಥಾನಕ್ಕೆ ಸಿಲಿಕಾನ್ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಸಿಲಿಕಾನ್ ಮತ್ತು ಜರ್ಮೇನಿಯಮ್ ಹರಳುಗಳನ್ನು ಒತ್ತಿದರೆ ಅವುಗಳ ವಿದ್ಯುತ್ ರೋಧವು ಲೋಹಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬದಲಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಸ್ಮಿತ್ 1954ರಲ್ಲಿ ವರದಿ ಮಾಡಿದರು. ಇಂದಿನ ಒತ್ತಡದ ಸಂವೇದಕಗಳಲ್ಲಿ ಬಹುಪಾಲು ಆ ಗುಣವನ್ನೇ ನಂಬಿವೆ.

ಬೆರಳೇಕೆ ಜಾರುವುದಿಲ್ಲ?

ಹಾಗಾದರೆ ವೈದ್ಯರ ಬೆರಳಿಗೆ ಈ ಜಾರಿಕೆಯ ಕಾಟ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಬೆರಳಿಗೆ ಅದರ ಗೊಡವೆಯೇ ಇಲ್ಲ. ಏಕೆಂದರೆ ಬೆರಳು ಮಟ್ಟವನ್ನು ಅಳೆಯುವುದಿಲ್ಲ, ಬದಲಾವಣೆಯನ್ನು ಮಾತ್ರ ಅರಿಯುತ್ತದೆ. ಬೆಳಿಗ್ಗೆ ಹಾಕಿಕೊಂಡ ಕನ್ನಡಕದ ಭಾರ, ಬೆರಳಿನ ಉಂಗುರದ ಬಿಗಿ ಸ್ವಲ್ಪ ಹೊತ್ತಿನಲ್ಲೇ ಮರೆತುಹೋಗುವುದು ಇದೇ ಕಾರಣದಿಂದ. ಒಂದೇ ಸಮನಾಗಿ ಉಳಿದ ಒತ್ತಡದ ಸುದ್ದಿಯನ್ನು ಚರ್ಮದ ಅನೇಕ ನರತುದಿಗಳು ಬೇಗನೆ ಕೈಬಿಡುತ್ತವೆ; ಹೊಸದಾಗಿ ಏರಿದ ಒತ್ತಡವನ್ನು ಮಾತ್ರ ಚುರುಕಾಗಿ ಸಾರುತ್ತವೆ. ಆದ್ದರಿಂದಲೇ ನಾಡಿಯ ವೇಗ, ಲಯ, ನಡಿಗೆಗಳು ಹಳೆಯ ವೈದ್ಯರಿಗೆ ಕರತಲಾಮಲಕವಾಗಿದ್ದವು. ಒತ್ತಡ ಎಷ್ಟು ಎಂಬ ಅಂಕಿ ಮಾತ್ರ ಉಪಕರಣ ಬರುವ ತನಕ ಯಾರಿಗೂ ದಕ್ಕಲಿಲ್ಲ. ಉಪಕರಣದಿಂದ ಮಟ್ಟವನ್ನೂ ಕೇಳುವವರು ಮಟ್ಟದ ಜಾರಿಕೆಯನ್ನೂ ಎದುರಿಸಲೇಬೇಕು.

ಜಾರಿಕೆಯ ಮೂಲಗಳು

ಮೊದಲನೆಯ ಮೂಲ ಶಾಖ. ಸಿಲಿಕಾನಿನ ರೋಧವು ಒತ್ತಡಕ್ಕೆ ಬದಲಾಗುವಂತೆಯೇ ಶಾಖಕ್ಕೂ ಬದಲಾಗುತ್ತದೆ. ಮೇಜಿನ ಮೇಲೆ ಇಪ್ಪತ್ತೈದು ಡಿಗ್ರಿಯಲ್ಲಿದ್ದ ತುಣುಕನ್ನು ಮಣಿಕಟ್ಟಿಗೆ ಕಟ್ಟಿದರೆ ಅದು ಕೆಲವು ನಿಮಿಷಗಳಲ್ಲಿ ಚರ್ಮದ ಬಿಸಿಗೆ, ಎಂದರೆ ಸುಮಾರು ಮೂವತ್ತೆರಡು ಡಿಗ್ರಿಗೆ, ಏರುತ್ತದೆ. ಅಷ್ಟು ಹೊತ್ತೂ ಗೆರೆಯು ಸರಿಯುತ್ತಲೇ ಇರುತ್ತದೆ.

ಎರಡನೆಯದು ಕಟ್ಟಿದ ಪಟ್ಟಿ. ರಬ್ಬರು, ಬಟ್ಟೆ, ಸಂವೇದಕದ ಮೇಲೆ ಹೊದಿಸಿದ ಮೆತ್ತನೆಯ ಅಂಟು, ಇವೆಲ್ಲವೂ ಎಳೆದಾಗ ಒಮ್ಮೆಲೇ ಹಿಗ್ಗಿ ನಿಲ್ಲುವ ವಸ್ತುಗಳಲ್ಲ. ಬಿಗಿದ ಮೇಲೆಯೂ ಮೆಲ್ಲಮೆಲ್ಲನೆ ಸಡಿಲಗೊಳ್ಳುತ್ತ ಹೋಗುತ್ತವೆ. ಹೊಸ ನೂಲಿನ ಹಗ್ಗದ ಮಂಚ ಕೆಲವೇ ದಿನಗಳಲ್ಲಿ ಜೋಲುವುದನ್ನು ಕಂಡವರಿಗೆ ಈ ಗುಣವನ್ನು ವಿವರಿಸಬೇಕಾಗಿಲ್ಲ. ಪಟ್ಟಿಯ ಅಡಿಯಲ್ಲಿರುವ ಚರ್ಮ ಮಾಂಸಗಳೂ ಹಾಗೆಯೇ ಅಮುಕಿಕೊಂಡು ತಗ್ಗುತ್ತವೆ. ಒತ್ತು ಬದಲಾದರೆ ಗೆರೆಯ ಮಟ್ಟವಷ್ಟೇ ಅಲ್ಲ, ಆಕಾರವೂ ಬದಲಾಗುತ್ತದೆ. ಮಹಮದ್ ಕಂಡುಕೊಂಡ ಸಂಗತಿಯೇ ಇಲ್ಲಿಯೂ.

ಮೂರನೆಯದು ವಿದ್ಯುದಾವೇಶದ ಸೋರಿಕೆ. ಕೆಲವು ಹರಳುಗಳನ್ನು ಒತ್ತಿದರೆ ಅವು ತಾವೇ ವಿದ್ಯುದಾವೇಶವನ್ನು ತೋರುತ್ತವೆ. 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಗುಣವಿದು. ಮಿಡಿತವನ್ನು ಹಿಡಿಯಲು ಇವು ಬಲು ಚುರುಕು. ಆದರೆ ತಳದಲ್ಲಿ ಸಣ್ಣ ತೂತಿರುವ ಕೊಡದಂತೆ, ಬಂದ ಆವೇಶವು ಸೋರಿಹೋಗುತ್ತದೆ. ಸ್ಥಿರವಾದ ಒತ್ತಡವನ್ನು ಇಂತಹ ಹರಳಿನಿಂದ ಬಹಳ ಹೊತ್ತು ಓದಲಾಗದು.

ನಾಲ್ಕನೆಯದು ರೋಗಿಯ ಕೈಯೇ. ಕೈಯನ್ನು ಹೃದಯದ ಮಟ್ಟದಿಂದ ಹತ್ತು ಸೆಂಟಿಮೀಟರು ಕೆಳಗಿಳಿಸಿದರೆ ಮಣಿಕಟ್ಟಿನ ಧಮನಿಯ ಒತ್ತಡವು ಪಾದರಸದ ಏಳೆಂಟು ಮಿಲಿಮೀಟರಿನಷ್ಟು ಏರುತ್ತದೆ. ಮೇಲೆತ್ತಿದರೆ ಅಷ್ಟೇ ಇಳಿಯುತ್ತದೆ. ನಿದ್ದೆಗೆ ಜಾರಿದವರ ಕೈ ದಿಂಬಿನಿಂದ ಕೆಳಗೆ ಜಾರಿದರೂ ಸಾಕು, ಗೆರೆಯು ಬೇರೆ ಕಥೆ ಹೇಳತೊಡಗುತ್ತದೆ.

ಮದ್ದು ಮೊದಲು ಉಪಕರಣಕ್ಕೆ

ಜಾರಿದ ಗೆರೆಯನ್ನು ಆಮೇಲೆ ತಿದ್ದುವುದಕ್ಕಿಂತ ಜಾರದಂತೆ ನೋಡಿಕೊಳ್ಳುವುದೇ ಲೇಸು. ಶಾಖಕ್ಕೆ ಇರುವ ಹಳೆಯ ಮದ್ದು ವೀಟ್‌ಸ್ಟನ್ ಸೇತುವೆ. ಸ್ಯಾಮ್ಯುಯೆಲ್ ಕ್ರಿಸ್ಟಿ 1833ರಲ್ಲಿ ರೂಪಿಸಿ, ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ಪ್ರಚಾರಕ್ಕೆ ತಂದ ಏರ್ಪಾಟಿದು. ಒಂದೇ ತುಣುಕಿನ ಮೇಲೆ ನಾಲ್ಕು ರೋಧಕಗಳನ್ನು ಚೌಕಾಕಾರವಾಗಿ ಜೋಡಿಸುತ್ತಾರೆ. ಒತ್ತಡ ಬಿದ್ದಾಗ ಎರಡರ ರೋಧ ಹೆಚ್ಚುತ್ತದೆ, ಇನ್ನೆರಡರದು ಕುಗ್ಗುತ್ತದೆ; ಸೇತುವೆಯ ಸಮತೋಲ ತಪ್ಪಿ ಸಂಕೇತ ಹುಟ್ಟುತ್ತದೆ. ಶಾಖ ಏರಿದಾಗಲಾದರೋ ನಾಲ್ಕೂ ಒಂದೇ ಸಮನಾಗಿ ಬದಲಾಗುವುದರಿಂದ ಸಮತೋಲ ಕೆಡುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕವನ್ನು ಹಾಕಿದಂತೆ. ನಾಲ್ಕು ರೋಧಕಗಳು ಎಂದೂ ತದ್ವತ್ ಒಂದೇ ಆಗಿರುವುದಿಲ್ಲವಾದ್ದರಿಂದ ಅಷ್ಟಿಷ್ಟು ದೋಷ ಉಳಿಯುತ್ತದೆ. ಅದಕ್ಕಾಗಿ ಪಕ್ಕದಲ್ಲೇ ಒಂದು ಶಾಖಮಾಪಕವನ್ನಿಟ್ಟು, ಯಾವ ಶಾಖಕ್ಕೆ ಎಷ್ಟು ತಪ್ಪೆಂಬುದನ್ನು ಕಾರ್ಖಾನೆಯಲ್ಲೇ ಅಳೆದು, ಆ ಪಟ್ಟಿಯಂತೆ ಕಳೆಯುವುದುಂಟು.

ಎರಡನೆಯ ಮದ್ದು ತಾಳ್ಮೆ. ಸಂವೇದಕವು ಮೈಬಿಸಿಗೆ ಬರುವ ತನಕ, ಪಟ್ಟಿಯ ಸಡಿಲಿಕೆ ನಿಧಾನವಾಗುವ ತನಕ ಕಾಯಬೇಕು. ಬಿಗಿದ ಪಟ್ಟಿಯು ಮೊದಲ ನಿಮಿಷಗಳಲ್ಲಿ ಹೆಚ್ಚು ಸಡಿಲಿಸಿ, ಬರಬರುತ್ತ ಕಡಿಮೆ ಸಡಿಲಿಸುತ್ತದೆ. ಇನ್ನೂ ಉತ್ತಮವಾದುದು ಹಿಗ್ಗುವ ಪಟ್ಟಿಯನ್ನೇ ಬಿಟ್ಟು, ಗಟ್ಟಿಯಾದ ಚೌಕಟ್ಟಿನೊಳಗೆ ಗಾಳಿಚೀಲವನ್ನಿಟ್ಟು, ಅದರ ಗಾಳಿಯನ್ನು ಹೆಚ್ಚು ಕಡಿಮೆ ಮಾಡುತ್ತ ಒತ್ತನ್ನು ಒಂದೇ ಮಟ್ಟದಲ್ಲಿ ಕಾಯುವುದು.

ಮೂರನೆಯದು ಜೊತೆಗೊಬ್ಬ ಸಾಕ್ಷಿ. ಧಮನಿಯ ಮೇಲೆ ಒಂದು ಸಂವೇದಕ, ಅದರ ಪಕ್ಕದಲ್ಲಿ ಧಮನಿಯಿಲ್ಲದ ಜಾಗದಲ್ಲಿ ಅದೇ ಬಗೆಯ ಇನ್ನೊಂದು. ಶಾಖ, ಪಟ್ಟಿಯ ಸಡಿಲಿಕೆ, ಕೈಯ ಅದುರು ಬಹುಮಟ್ಟಿಗೆ ಎರಡಕ್ಕೂ ತಟ್ಟುತ್ತವೆ. ಮಿಡಿತವು ಒಂದಕ್ಕೆ ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಹೆಚ್ಚಾಗಿ ನಾಡಿಯೇ.

ಗಣಿತದ ಜರಡಿ

ಇಷ್ಟಾದರೂ ಉಳಿದ ಜಾರಿಕೆಗೆ ಗಣಿತದ ಜರಡಿ ಇದೆ. ವೇಗದಲ್ಲಿರುವ ಅಂತರವೇ ಈ ಜರಡಿಯ ಕಣ್ಣು. ನಿಮಿಷಕ್ಕೆ ಎಪ್ಪತ್ತೆರಡು ಮಿಡಿತವಾದರೆ ಒಂದೊಂದು ಮಿಡಿತಕ್ಕೆ ಒಂದು ಸೆಕೆಂಡೂ ಬೇಡ. ಜಾರಿಕೆಗಾದರೋ ನಿಮಿಷಗಳೇ ಬೇಕು. ವೇಗವಾಗಿ ಬದಲಾಗುವುದನ್ನು ಉಳಿಸಿಕೊಂಡು ನಿಧಾನವಾಗಿ ಬದಲಾಗುವುದನ್ನು ತೆಗೆದುಹಾಕಿದರಾಯಿತು. ಇನ್ನೊಂದು ವಿಧಾನವೂ ಇದೆ. ಪ್ರತಿ ಮಿಡಿತದ ತಗ್ಗಿನ ತುದಿಯನ್ನು ಗುರುತಿಸಿ, ಆ ತುದಿಗಳನ್ನೆಲ್ಲ ನಯವಾದ ಒಂದು ವಕ್ರರೇಖೆಯಿಂದ ಕೂಡಿಸಿ, ಇಡೀ ಗೆರೆಯಿಂದ ಅದನ್ನು ಕಳೆಯುತ್ತಾರೆ. ಬೆಟ್ಟಗಳ ಸಾಲು ಮತ್ತೆ ಸಮತಟ್ಟಾದ ನೆಲದ ಮೇಲೆ ನಿಲ್ಲುತ್ತದೆ.

ಕೇಳುವುದಕ್ಕೆ ಸುಲಭ, ಆದರೆ ಜರಡಿ ಹಿಡಿಯುವ ಕೈಗೆ ವಿವೇಕ ಬೇಕು. ಜರಡಿ ಅತಿ ಬಿಗಿಯಾದರೆ ಜಾರಿಕೆಯ ಜೊತೆಗೆ ನಾಡಿಯ ಅಂಶವೂ ಹೋಗುತ್ತದೆ. ಮಿಡಿತದ ಏರು ಚುರುಕು, ಇಳಿಜಾರು ನಿಧಾನ. ಆ ನಿಧಾನವಾದ ಇಳಿಜಾರನ್ನು ಜಾರಿಕೆಯೆಂದೇ ಭ್ರಮಿಸಿ ಜರಡಿಯು ಕಿತ್ತರೆ ಗೆರೆಯ ಆಕಾರವೇ ಬೇರೆಯಾಗುತ್ತದೆ. ಧಮನಿಗಳು ಪೆಡಸಾಗಿವೆಯೋ ಇಲ್ಲವೋ ಎಂಬ ಸುಳಿವು ಇರುವುದು ಆ ಆಕಾರದಲ್ಲೇ. ಜರಡಿಯು ಏರಿಳಿತಗಳನ್ನು ಕಾಲದಲ್ಲಿ ತುಸು ಹಿಂದುಮುಂದು ಮಾಡುವುದೂ ಉಂಟು. ಬರೆದಿಟ್ಟ ಗೆರೆಯಾದರೆ ಅದನ್ನು ಮೊದಲಿನಿಂದ ಕೊನೆಗೊಮ್ಮೆ, ಕೊನೆಯಿಂದ ಮೊದಲಿಗೊಮ್ಮೆ ಸೋಸಿ ಈ ದೋಷವನ್ನು ನೀಗಿಸಬಹುದು. ಹಾಸಿಗೆಯ ಬಳಿ ಆಗಿಂದಾಗಲೇ ಮೂಡುತ್ತಿರುವ ಗೆರೆಗೆ ಆ ಸೌಲಭ್ಯವಿಲ್ಲ. ಮುಂದಿನ ಮಿಡಿತವನ್ನು ಇಂದೇ ಓದಲು ಯಾರಿಗೆ ಸಾಧ್ಯ?

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಿಧಾನವಾದದ್ದೆಲ್ಲ ಜಾರಿಕೆಯಲ್ಲ. ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಬಾರಿ ಬರುವ ಉಸಿರಿನೊಡನೆ ರಕ್ತದೊತ್ತಡವು ನಿಜವಾಗಿಯೇ ಏರಿ ಇಳಿಯುತ್ತದೆ. ಹತ್ತು ಸೆಕೆಂಡಿಗೊಮ್ಮೆ ಬರುವ ಮತ್ತೊಂದು ಮಂದವಾದ ಅಲೆಯೂ ಇದೆ. ನರಮಂಡಲವು ಒತ್ತಡವನ್ನು ಹತೋಟಿಯಲ್ಲಿಡುವ ಕೆಲಸದ ಗುರುತು ಅದು. ಆರೋಗ್ಯವಂತರಲ್ಲಿ ಉಸಿರಿನೊಡನೆ ಆಗುವ ಇಳಿತ ಅಲ್ಪ. ಆದರೆ ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ ಹೃದಯವನ್ನು ಅಮುಕುತ್ತಿದ್ದರೆ, ಅಥವಾ ಉಬ್ಬಸ ತೀವ್ರವಾಗಿದ್ದರೆ, ಉಸಿರೆಳೆದುಕೊಂಡಾಗ ಮೇಲಿನ ಒತ್ತಡವು ಪಾದರಸದ ಹತ್ತು ಮಿಲಿಮೀಟರಿಗೂ ಹೆಚ್ಚು ಇಳಿಯುವುದುಂಟು. ವೈದ್ಯರು ತಪ್ಪದೆ ಗಮನಿಸಬೇಕಾದ ಅಪಾಯದ ಸೂಚನೆ ಇದು. ಉಸಿರಿನ ಅಲೆಯನ್ನೆಲ್ಲ ಕಸವೆಂದು ಸೋಸಿಹಾಕುವ ಯಂತ್ರವು ಪರದೆಯ ಮೇಲೆ ಬಲು ಚೊಕ್ಕಟವಾದ ಗೆರೆಯನ್ನು ತೋರಿಸೀತು. ರೋಗಿಯ ಪ್ರಾಣಸಂಕಟದ ಸುದ್ದಿಯನ್ನು ಮಾತ್ರ ಮುಚ್ಚಿಟ್ಟೀತು.

ಆದ್ದರಿಂದ ಏನನ್ನು ತಿಳಿಯಬೇಕಾಗಿದೆ ಎಂಬುದರ ಮೇಲೆ ಜರಡಿಯ ಆಯ್ಕೆ ನಿಲ್ಲುತ್ತದೆ. ಮಿಡಿತಗಳನ್ನು ಎಣಿಸುವುದಷ್ಟೇ ಉದ್ದೇಶವಾದರೆ ಬಿಗಿಯಾದ ಜರಡಿಯಿಂದ ಬಾಧೆಯಿಲ್ಲ. ಆಕಾರ ಬೇಕಾದರೆ ಸಡಿಲವಾದ ಜರಡಿ ಬೇಕು. ಒತ್ತಡದ ಮಟ್ಟವೇ ಬೇಕಾದರೆ ಜರಡಿಯ ಆಸೆಯನ್ನೇ ಬಿಡಬೇಕು. ಏಕೆಂದರೆ ಜರಡಿಯು ಮೊದಲು ಎಸೆಯುವುದು ಮಟ್ಟವನ್ನೇ. ಸೋಸುವ ಮೊದಲಿನ ಮೂಲ ಗೆರೆಯನ್ನು ಕಾದಿರಿಸುವುದು ಮೂರು ಸಂದರ್ಭಗಳಲ್ಲೂ ಜಾಣತನ.

ಸೊನ್ನೆಗೆ ಮರಳುವ ನೇಮ

ಮಟ್ಟವನ್ನು ಕಾಯುವ ದಾರಿ ಒಂದೇ: ಗೊತ್ತಿರುವ ಒಂದು ಒತ್ತಡದ ಬಳಿಗೆ ಆಗಾಗ ಹಿಂದಿರುಗುವುದು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೂ ತೀವ್ರನಿಗಾ ಘಟಕದಲ್ಲೂ ಧಮನಿಯೊಳಕ್ಕೆ ನವಿರಾದ ಕೊಳವೆಯನ್ನಿಟ್ಟು ಒತ್ತಡವನ್ನು ಓದುವಾಗ, ದಾದಿಯು ಸಂವೇದಕವನ್ನು ರೋಗಿಯ ಹೃದಯದ ಮಟ್ಟಕ್ಕೆ ತಂದು, ಕೊಳವೆಯ ಬಿರಡೆಯನ್ನು ತಿರುಗಿಸಿ ಅದನ್ನು ಹೊರಗಿನ ಗಾಳಿಗೆ ತೆರೆಯುತ್ತಾಳೆ. ಆ ಕ್ಷಣದಲ್ಲಿ ಯಂತ್ರವು ತೋರಿಸಬೇಕಾದುದು ಸೊನ್ನೆ. ಬೇರೇನನ್ನಾದರೂ ತೋರಿಸಿದರೆ ಆ ಅಂಕಿಯೇ ಜಾರಿಕೆ. ಗುಂಡಿಯೊತ್ತಿ ಅದನ್ನು ಸೊನ್ನೆಗೆ ತಂದು ಬಿರಡೆಯನ್ನು ಮತ್ತೆ ರೋಗಿಯ ಕಡೆಗೆ ತಿರುಗಿಸುತ್ತಾಳೆ. ಹಾಸಿಗೆಯನ್ನು ಎತ್ತಿದಾಗ, ಇಳಿಸಿದಾಗ ಮಟ್ಟವನ್ನು ಮರಳಿ ಹೊಂದಿಸಬೇಕು. ಅರ್ಧ ನಿಮಿಷದ ಈ ಕೆಲಸವನ್ನು ಮರೆತರೆ ಮುಂದಿನ ಔಷಧದ ಪ್ರಮಾಣವೆಲ್ಲ ತಪ್ಪು ಲೆಕ್ಕದ ಮೇಲೆ ನಡೆಯುತ್ತದೆ.

ಕೊಳವೆಯಿಲ್ಲದೆ ಬೆರಳಿನಿಂದಲೇ ಪ್ರತಿಯೊಂದು ಮಿಡಿತದ ಒತ್ತಡವನ್ನು ಅಳೆಯುವ ಉಪಾಯವನ್ನು ಚೆಕ್ ದೇಶದ ಯಾನ್ ಪೆನ್ಯಾಜ್ 1973ರಲ್ಲಿ ಮುಂದಿಟ್ಟರು. ಬೆರಳ ಸುತ್ತಣ ಗಾಳಿಪಟ್ಟಿಯು ಧಮನಿಯನ್ನು ಒಂದೇ ಗಾತ್ರದಲ್ಲಿ ಹಿಡಿದಿಡುವಂತೆ ಕ್ಷಣಕ್ಷಣವೂ ಒತ್ತನ್ನು ಬದಲಿಸುತ್ತದೆ. ಆ ಒತ್ತೇ ಧಮನಿಯ ಒತ್ತಡದ ಅಳತೆ. ಧಮನಿಯು ಬಿಗಿದುಕೊಂಡರೂ ಸಡಿಲಗೊಂಡರೂ ಈ ಲೆಕ್ಕ ಜಾರುತ್ತದೆ. ಹಾಲೆಂಡಿನ ಕಾರೆಲ್ ವೆಸೆಲಿಂಗ್ ಇದಕ್ಕೊಂದು ಪರಿಹಾರವನ್ನು ಕೂಡಿಸಿದರು: ಯಂತ್ರವು ಆಗಾಗ ಒಂದೆರಡು ಮಿಡಿತಗಳ ಕಾಲ ಅಳತೆಯನ್ನು ನಿಲ್ಲಿಸಿ, ಸರಿಯಾದ ಗಾತ್ರ ಯಾವುದೆಂದು ಮತ್ತೆ ಹುಡುಕಿಕೊಂಡು ಮುಂದುವರಿಯುತ್ತದೆ. ಕೈಗಡಿಯಾರದಂತೆ ಧರಿಸುವ ಕೆಲವು ಸಾಧನಗಳು ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಯಂತ್ರದೊಡನೆ ಲೆಕ್ಕ ಹೊಂದಿಸಬೇಕೆಂದು ಕೇಳುವುದೂ ಇದೇ ನೇಮದಿಂದ.

ಮನೆಯಲ್ಲಿರುವ ಯಂತ್ರ

ಈಗ ಅನೇಕ ಮನೆಗಳ ಬೀರುವಿನಲ್ಲಿ ರಕ್ತದೊತ್ತಡದ ಯಂತ್ರವೊಂದು ಇದ್ದೇ ಇದೆ. ತೋಳುಪಟ್ಟಿಯ ಗಾಳಿಯಲ್ಲಿ ಏಳುವ ಮಿಡಿತದ ಅಲೆಗಳನ್ನು ಅದರ ಸಂವೇದಕವು ಓದುತ್ತದೆ. ಇಂತಹ ಹಲವು ಯಂತ್ರಗಳು ಗುಂಡಿ ಒತ್ತಿದ ಕೂಡಲೇ, ಪಟ್ಟಿಯು ಬರಿದಾಗಿದೆ ಎಂಬ ನಂಬಿಕೆಯಲ್ಲಿ, ಮೊದಲು ತಮ್ಮ ಸೊನ್ನೆಯನ್ನು ಗೊತ್ತುಮಾಡಿಕೊಳ್ಳುತ್ತವೆ. ಹಿಂದಿನ ಅಳತೆಯ ಗಾಳಿ ಪಟ್ಟಿಯಲ್ಲಿ ಉಳಿದಿರುವಾಗಲೇ ಮತ್ತೆ ಗುಂಡಿ ಒತ್ತಿದರೆ ಸೊನ್ನೆ ತಪ್ಪುವ ಸಂಭವವುಂಟು. ಗಾಳಿ ಪೂರ್ತಿ ಹೋಗಲಿ. ಒಂದು ನಿಮಿಷ ಬಿಟ್ಟು ಎರಡನೆಯ ಅಳತೆಯನ್ನು ತೆಗೆದುಕೊಳ್ಳಲಿ. ಮೊದಲು ಐದು ನಿಮಿಷ ಮೌನವಾಗಿ ಕುಳಿತು, ಬೆನ್ನಿಗೆ ಒರಗು ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಡುವುದು ವಾಡಿಕೆಯಾಗಬೇಕು. ವರ್ಷಕ್ಕೊಮ್ಮೆ ಯಂತ್ರವನ್ನು ವೈದ್ಯರಲ್ಲಿಗೆ ಒಯ್ದು, ಅವರ ಉಪಕರಣದೊಡನೆ ಹೋಲಿಸಿ ನೋಡುವುದು ಒಳ್ಳೆಯದು.

ಅಂಕಿಯು ಒಂದು ದಿನ ಹತ್ತು ಹೆಚ್ಚು ತೋರಿತೆಂದು ಮಾತ್ರೆಯನ್ನು ಹೆಚ್ಚಿಸುವುದು, ಹತ್ತು ಕಡಿಮೆಯಾಯಿತೆಂದು ಮಾತ್ರೆಯನ್ನು ನಿಲ್ಲಿಸುವುದು, ಇವೆರಡೂ ಸಲ್ಲದ ಕೆಲಸ. ಹಲವು ದಿನಗಳ ಅಂಕಿಗಳನ್ನು ದಿನಾಂಕದೊಡನೆ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿದರೆ, ಬದಲಾದದ್ದು ಮೈಯೋ ಯಂತ್ರವೋ ಎಂಬುದನ್ನು ನಿರ್ಧರಿಸಲು ಅವರಿಗೆ ಆಧಾರ ಸಿಕ್ಕುತ್ತದೆ. ತಲೆ ಸುತ್ತು, ಎದೆನೋವು, ಉಸಿರಿನ ಕಷ್ಟಗಳು ಕಾಣಿಸಿದಾಗ ಮಾತ್ರ ಯಂತ್ರದ ಸರಿತಪ್ಪನ್ನು ಚರ್ಚಿಸುತ್ತ ಕೂರುವ ಹೊತ್ತಲ್ಲ. ಪರದೆಯ ಅಂಕಿ ಏನೇ ಇರಲಿ, ಆಗ ತಡಮಾಡದೆ ರೋಗಿಯನ್ನು ವೈದ್ಯರ ಬಳಿಗೆ ಒಯ್ಯಬೇಕು.